ಮಗಳು ತವರಿಗೆ ಬರೋವಾಗ ಫೈಲೂ ಜೊತೇಲಿ ಬರ್ಲಿ

ಸಂಪಾದಕರಿಗೆ ನಮಸ್ಕಾರ,

ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಿಂದ ಬರೀತಿದೀನಿ. ಹೋದ ಭಾನುವಾರದ ನಿಮ್ಮ ಪುರವಣೀಲಿ ಹೆರಿಗೆ ಹತ್ರ ಬಂದೋರು ಏನೇನು ರೆಡಿ ಮಾಡ್ಕೋಬೇಕು ಅಂತ ಇಡೀ ಒಂದು ಪುಟ ಹಾಕಿದ್ರಲ್ಲ, ಅದನ್ನ ನಾನು ಎರಡು ಸಲ ಓದಿದೆ, ಒಂದ್ಸಲ ನನಗೋಸ್ಕರ, ಇನ್ನೊಂದ್ಸಲ ನಮ್ಮತ್ತೆಗೋಸ್ಕರ ಜೋರಾಗಿ, ಅವರಿಗೆ 84 ವರ್ಷ, ಕಿವಿ ಮಂದ. ಮರದ ತೊಟ್ಟಿಲು, ತಳ್ಳೋ ಗಾಡಿ, ಬಾಟ್ಲಿ ಬಿಸಿ ಮಾಡೋ ಮೆಷಿನ್ನು, ಮಗು ರೂಮಿನ ಗೋಡೆಗೆ ಯಾವ ಬಣ್ಣ, ಡೈಪರ್ ಇಡೋಕೆ ಬೇರೆ ಬ್ಯಾಗು, ಹೊಟ್ಟೆ ಫೋಟೋ ತೆಗೆಸ್ಕೊಳೋಕೆ ಯಾವ ವಾರ ಚೆನ್ನಾಗಿರುತ್ತೆ, ಎಲ್ಲಾ ಇತ್ತು. ಅತ್ತೆ ಪೂರ್ತಿ ಕೇಳ್ಕೊಂಡು "ಇಷ್ಟೆಲ್ಲ ಸಾಮಾನು ಇಡೋಕೆ ಮಗೂಗೆ ಬೇರೆ ಮನೇನೇ ಕಟ್ಟಿಸ್ಬೇಕಲ್ಲೇ" ಅಂದ್ರು.

ನಗಾಡೋಕೆ ಅಂತ ಬರೀತಿಲ್ಲ. ನನ್ನ ಮಗಳಿಗೆ ಈಗ 37ನೇ ವಾರ, ಚೊಚ್ಚಲು, ನಮ್ಮನೇಲೇ ಇದಾಳೆ. ಈ ತಿಂಗಳು 5ನೇ ತಾರೀಖು ರಾತ್ರಿ ನಾವು ಪಟ್ಟ ಪಾಡಿಗೂ ನಿಮ್ಮ ಪಟ್ಟೀಲಿದ್ದ ಒಂದೇ ಒಂದು ಸಾಮಾನಿಗೂ ಸಂಬಂಧ ಇರ್ಲಿಲ್ಲ. ನಮಗೆ ಆವತ್ತು ಬೇಕಾಗಿದ್ದು ಮೂರು ಹಾಳೆ ಕಾಗದ, ಅದೊಂದು ಬಿಟ್ಟು ಉಳಿದಿದ್ದೆಲ್ಲ ಕಾರಲ್ಲಿ ಬಂದಿತ್ತು.

ಸ್ವಲ್ಪ ಹಿಂದಿಂದ ಹೇಳ್ತೀನಿ. ಮಗಳು ಅಳಿಯ ಇಬ್ರೂ ಬೆಂಗಳೂರಲ್ಲಿ ಕೆಲಸಕ್ಕೆ ಹೋಗೋರು. ಚೊಚ್ಚಲು ಹೆರಿಗೆ ತವರಲ್ಲಿ ಅನ್ನೋದು ನಮ್ಮಲ್ಲಿ ಯಾರೂ ಹೇಳಿ ಕೇಳಿ ಮಾಡೋ ವಿಷಯ ಅಲ್ಲ, ಆಗೇ ಆಗುತ್ತೆ. ಏಳರಲ್ಲಿ ಕರ್ಕೊಂಡು ಬರ್ತಾರೆ, ಇಲ್ಲಾ ಒಂಬತ್ತರಲ್ಲಿ, ಎಂಟರಲ್ಲಿ ಮಾತ್ರ ಕರೆಸಲ್ಲ ಕಳಿಸಲ್ಲ. ಏಳರಲ್ಲಿ ಬಾರೇ ಅಂದ್ರೆ ಅವಳು ರಜೆ ಲೆಕ್ಕ ಹೇಳಿದ್ಲು. 2017ರಲ್ಲಿ ಕಾನೂನು ತಿದ್ದಿದ ಮೇಲೆ ಹೆರಿಗೆ ರಜೆ 26 ವಾರ ಸಿಗುತ್ತೆ ನಿಜ, ಆದ್ರೆ ಹೆರಿಗೆಗೆ ಮುಂಚೆ ಎಷ್ಟು ವಾರ ತಗೋತಾರೋ ಅಷ್ಟು ಆ 26ರಲ್ಲೇ ಕಟ್ ಆಗುತ್ತೆ, ಮುಂಚೆ ಜಾಸ್ತಿ ಅಂದ್ರೆ 8 ವಾರ. ಮಗೂ ಜೊತೆ ಇರೋ ದಿನ ಕಮ್ಮಿ ಆಗುತ್ತಲ್ಲಮ್ಮ ಅಂದ್ಲು, ಅದೂ ಸರಿನೇ. ಎಂಟರಲ್ಲಿ ಅತ್ತೆ ಬಿಡ್ಲಿಲ್ಲ. ಹಾಗಾಗಿ ಎಂಟು ತುಂಬಿ ಒಂಬತ್ತಕ್ಕೆ ಬಿದ್ದ ಮೇಲೆ, 35ನೇ ವಾರದಲ್ಲಿ, ಶಿವಮೊಗ್ಗದ ತನಕ ರೈಲು, ಅಲ್ಲಿಂದ ಕಾರು ಅಂತ ಮಾಡಿ ಕರ್ಕೊಂಡು ಬಂದ್ವಿ. ಅಂದ್ರೆ ನೋಡಿ, ಆಫೀಸಿನ ರಜೆ ಒಂದು ಕಡೆ ನಮ್ಮ ಶಾಸ್ತ್ರ ಒಂದು ಕಡೆ ಜಗ್ಗಿ, ಸುತ್ತಮುತ್ತ ಆಸ್ಪತ್ರೆ ಕಮ್ಮಿ ಇರೋ ಊರಿಗೆ ಮಳೆಗಾಲದ ನಡುಮಧ್ಯೆ ಅವಳು ಬಂದು ಇಳಿದ್ಲು. ಮಾಡಿದ್ದು ನಾವೇ.

ಸೀಮಂತ ಮಾತ್ರ ಭರ್ಜರಿ ಮಾಡಿದ್ವಿ ಮಾರಾಯ್ರೆ. ಹಸಿರು ಬಳೆ, ಹಸಿರು ಸೀರೆ, ಮಡಿಲು ತುಂಬೋಕೆ ಐದು ಜನ ಮುತ್ತೈದೆಯರು, ತಟ್ಟೆ ತುಂಬ ಹೋಳಿಗೆ ಚಿರೋಟಿ, ಡ್ರೋನ್ ಕ್ಯಾಮೆರಾದೋನು ಬೇರೆ. ಇನ್ನೂರು ಜನ ಬಂದು ಹರಸಿ ಹೋದ್ರು, ಅದರಲ್ಲಿ ಒಬ್ಬರಾದ್ರೂ, ನಾನೂ ಸೇರಿ, ಮಗು ಯಾವ ಆಸ್ಪತ್ರೇಲಿ ಹುಟ್ಟುತ್ತೆ ಅವಳ ಕಾಗದ ಎಲ್ಲಿದೆ ಅಂತ ಕೇಳ್ಲಿಲ್ಲ.

ಅವಳು ಬಂದ ವಾರಕ್ಕೆ ಪೇಟೆಯ ಒಂದು ಖಾಸಗಿ ಆಸ್ಪತ್ರೆಗೆ ಕರ್ಕೊಂಡು ಹೋದೆ. ಕೌಂಟರ್ ಹುಡುಗಿ ತಲೆ ಎತ್ತದೆ, ಮೊದಲಿಂದ ನಮ್ಮಲ್ಲಿ ತೋರ್ಸಿದೀರಾ ಅಂದ್ಲು, ಇಲ್ಲ ಅಂದೆ, 34 ವಾರ ದಾಟಿದೋರನ್ನ ಹೊಸದಾಗಿ ತಗೊಳಲ್ಲ ಅಂದ್ಲು. ಅಷ್ಟೇ. ಡಾಕ್ಟರ್ ಮುಖಾನೂ ನೋಡ್ಲಿಲ್ಲ. ನನಗೆ ಆವತ್ತು ತುಂಬ ಸಿಟ್ಟು ಬಂತು, ಈಗ ಯೋಚ್ನೆ ಮಾಡಿದ್ರೆ ಅವರ ಕಷ್ಟಾನೂ ಸ್ವಲ್ಪ ಅರ್ಥ ಆಗುತ್ತೆ, ಏಳೆಂಟು ತಿಂಗಳು ಏನಾಯ್ತು ಅಂತ ಗೊತ್ತಿಲ್ದೆ ಇರೋ ಬಸುರಿನ ಕೊನೇ ಗಳಿಗೇಲಿ ಕೈಗೆ ತಗೊಳೋದು ಅಂದ್ರೆ ಯಾರಿಗಾದ್ರೂ ಅಳುಕು ಇರುತ್ತೆ. ಆದ್ರೆ ಬೇರೆ ಎಲ್ಲಿಗೆ ಹೋಗ್ಬೇಕು ಅಂತ ಒಂದು ಮಾತು ಹೇಳ್ಬಹುದಿತ್ತು.

ಇನ್ನು ಆ 5ನೇ ತಾರೀಖು. ಆರಿದ್ರಾ ಮಳೆ ಕೊನೇ ದಿನ ಇರ್ಬೇಕು, ಮಧ್ಯಾಹ್ನದಿಂದ ಬಿಟ್ಟೂಬಿಡದೆ ಹೊಡೀತಿತ್ತು, ಕರೆಂಟು ಹೋಗಿ ಆಗ್ಲೇ ಒಂದು ದಿನ ಆಗಿತ್ತು. ಸಂಜೆ ಆರಕ್ಕೆ ಮಗಳು ಅಡುಗೆ ಮನೆಗೆ ಬಂದು, ಅಮ್ಮಾ ಬೆಳಗ್ಗಿಂದ ಮಗು ಅಷ್ಟಾಗಿ ಅಲ್ಲಾಡಿಲ್ಲ ಅನ್ಸುತ್ತೆ ಅಂದ್ಲು. ನಮ್ಮತ್ತೆ ಕೂತಲ್ಲಿಂದಲೇ, ತುಂಬಿದ ಬಸುರಿ ಅಲ್ವಾ, ಜಾಗ ಸಾಲಲ್ಲ, ಮಗು ಒದೆಯೋದು ಕಮ್ಮಿ ಮಾಡುತ್ತೆ ಅಂದ್ರು. ಈ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ, ನಾನೂ ಹೇಳಿದೀನಿ ಬೇರೆಯೋರಿಗೆ. ಆದ್ರೆ ಅದು ತಪ್ಪಂತೆ. ಒದೆಯೋ ರೀತಿ ಬದಲಾಗ್ಬಹುದು, ಹೊರಳಿದ ಹಾಗೆ ಉರುಳಿದ ಹಾಗೆ ಅನ್ನಿಸ್ಬಹುದು, ಆದ್ರೆ ಒಂಬತ್ತರಲ್ಲೂ ಮಗು ಅಲ್ಲಾಡ್ತಾನೇ ಇರ್ಬೇಕು, ಕಮ್ಮಿ ಆಯ್ತು ಅಂದ್ರೆ ಬೆಳಿಗ್ಗೆ ನೋಡೋಣ ಅನ್ನೋ ಹಾಗಿಲ್ಲ, ಹೋಗಿ ತೋರಿಸ್ಬೇಕು. ಬೆಂಗಳೂರಿನ ಡಾಕ್ಟರು ಅವಳಿಗೆ ಒಂದು ಲೆಕ್ಕ ಹೇಳ್ಕೊಟ್ಟಿದ್ರು, ಊಟ ಮಾಡಿ ಎಡಮಗ್ಗುಲಿಗೆ ಮಲಗಿ ಎಣಿಸು, ಎರಡು ಗಂಟೆ ಒಳಗೆ ಹತ್ತು ಸಲ ಆದ್ರೂ ಅಲ್ಲಾಡ್ಬೇಕು ಅಂತ. ಗಂಜಿ ಕುಡಿಸಿ ಮಲಗಿಸ್ದೆ. ಪಕ್ಕದಲ್ಲಿ ಕೂತು ಟಾರ್ಚ್ ಬೆಳಕಲ್ಲಿ ಗೋಡೆ ಗಡಿಯಾರ ನೋಡ್ತಾ ಅವಳು ಹೇಳ್ದಾಗೆಲ್ಲ ಒಂದೊಂದು ಅಡಿಕೆ ತಟ್ಟೆಗೆ ಹಾಕ್ತಾ ಹೋದೆ. ಎಂಟೂವರೆಗೆ ತಟ್ಟೇಲಿ ಆರು ಅಡಿಕೆ ಇತ್ತು.

ನಮ್ಮನೇಲಿ ಮೊಬೈಲ್ ಸಿಗ್ನಲ್ ಬರಲ್ಲ. ಪಕ್ಕದ ಮನೇಲಿ ಫೈಬರ್ ವೈಫೈ ಇದೆ, ಕರೆಂಟಿಲ್ಲ ಅಂದ್ರೆ ಅದೂ ಇಲ್ಲ. ನಮ್ಮ ಯಜಮಾನ್ರು ಕಂಬಳಿ ಕೊಪ್ಪೆ ಹಾಕ್ಕೊಂಡು ಗುಡ್ಡ ಹತ್ತಿ 108ಕ್ಕೆ ಫೋನ್ ಮಾಡಿದ್ರು, ಬರ್ತೀವಿ ಅಂದ್ರಂತೆ, ಪಾಪ ಅವರದ್ದೇನೂ ತಪ್ಪಿಲ್ಲ, ಆದ್ರೆ ದಾರೀಲಿ ಮರ ಬಿದ್ದಿದೆ ಅಂತ ಅಷ್ಟೊತ್ತಿಗೆ ನಮಗೇ ಸುದ್ದಿ ಬಂತು. ಕೊನೆಗೆ ಪಕ್ಕದ ಮನೆ ಹುಡುಗ ಅವನ ಜೀಪು ತೆಗೆದ, ಹಿಂದೆ ಮರ ಕೊಯ್ಯೋ ಮೆಷಿನ್ ಇಟ್ಕೊಂಡ. ಎರಡು ಕಡೆ ಇಳಿದು ಕೊಯ್ದು ದಾರಿ ಮಾಡ್ಕೊಂಡು ಆಸ್ಪತ್ರೆ ಮುಟ್ಟೋ ಹೊತ್ತಿಗೆ ರಾತ್ರಿ ಹನ್ನೊಂದು.

ಡ್ಯೂಟಿ ಸಿಸ್ಟರ್ ಕೇಳಿದ ಮೊದಲನೇ ಪ್ರಶ್ನೆ, ತಾಯಿ ಕಾರ್ಡ್ ಕೊಡಿ. ಬಸುರಿಯ ಚೆಕಪ್ಪು, ಇಂಜೆಕ್ಷನ್ನು ಎಲ್ಲಾ ಬರೆದಿಡೋ ಸರ್ಕಾರಿ ಕಾರ್ಡು ಅದು. ತಾಯಿ ಕಾರ್ಡ್ ಇಲ್ಲ, ಬೆಂಗಳೂರಲ್ಲಿ ಪ್ರೈವೇಟಲ್ಲಿ ತೋರಿಸ್ಕೊಂಡಿದ್ದಕ್ಕೆ ಅವಳು ಮಾಡಿಸೇ ಇರ್ಲಿಲ್ಲ, ಅದು ಸರ್ಕಾರಿ ಆಸ್ಪತ್ರೆಗೆ ಹೋಗೋರಿಗೆ ಅಂತ ಅಂದ್ಕೊಂಡಿದ್ಲು. ಎರಡನೇ ಪ್ರಶ್ನೆ, ಬ್ಲಡ್ ಗ್ರೂಪ್? ಓ ನೆಗೆಟಿವ್ ಅಂದ್ಲು. ಸಿಸ್ಟರ್ ಕೈ ಅಲ್ಲೇ ನಿಂತುಬಿಡ್ತು. ಗಂಡಂದು? ಪಾಸಿಟಿವ್. 28ನೇ ವಾರದಲ್ಲಿ ಆಂಟಿ ಡಿ ಇಂಜೆಕ್ಷನ್ ಆಗಿದ್ಯಾ? ಮಗಳು ನನ್ನ ಮುಖ ನೋಡಿದ್ಲು, ನಾನು ಅವಳ ಮುಖ ನೋಡಿದೆ. ಎರಡು ಮೂರು ಇಂಜೆಕ್ಷನ್ ಕೊಟ್ಟಿದಾರೆ, ಯಾವ್ದು ಯಾವ್ದಂತ ಗೊತ್ತಿಲ್ಲ, ಎಲ್ಲಾ ಆ ಆಸ್ಪತ್ರೆ ಆಪಲ್ಲಿದೆ ಅಂದ್ಲು. ಆಪ್ ತೆಗೆದ್ರೆ ಓಟಿಪಿ ಕೇಳ್ತು. ಆ ಓಟಿಪಿ ಹೋಗೋದು ಅಳಿಯನ ನಂಬರಿಗೆ. ಅಳಿಯ ನೈಟ್ ಶಿಫ್ಟಲ್ಲಿ, ಫೋನು ಲಾಕರಲ್ಲಿ.

ಮಗು ವಿಷಯ ಮೊದಲು ಹೇಳಿಬಿಡ್ತೀನಿ, ಓದೋರಿಗೆ ಗಾಬರಿ ಬೇಡ. ಹೊಟ್ಟೆಗೆ ಬೆಲ್ಟ್ ಕಟ್ಟಿ ಹಾರ್ಟ್‌ಬೀಟ್ ಗ್ರಾಫ್ ತೆಗೆದ್ರು, ಚೆನ್ನಾಗಿತ್ತು, ಗ್ರಾಫ್ ಮುಗಿಯೋ ಮುಂಚೆನೇ ಮಗು ಒದ್ದು ಒದ್ದು ಆ ಬೆಲ್ಟ್ ಅಲ್ಲಾಡಿಸ್ತು. ಸ್ಕ್ಯಾನಲ್ಲಿ ಮಗು ಸುತ್ತ ಇರೋ ನೀರೂ ಸರಿ ಇತ್ತು. ಬಂದಿದ್ದು ಒಳ್ಳೇದಾಯ್ತು, ಹತ್ತು ಸಲ ಸುಮ್ನೆ ಬಂದು ಹೋದ್ರೂ ಪರವಾಗಿಲ್ಲ ಅಂದ್ರು ಡಾಕ್ಟರು. ಆ ಮಾತಿಗೆ ಅವರ ಕಾಲು ಮುಟ್ಟೋಣ ಅನ್ನಿಸ್ತು, ಯಾಕಂದ್ರೆ ಸುಮ್ಸುಮ್ನೆ ಬಂದ್ರಿ ಅಂತ ಬೈತಾರೆ ಅಂತಾನೇ ಎಷ್ಟೋ ಜನ ಹೋಗಲ್ಲ.

ಆದ್ರೆ ಆ ಇಂಜೆಕ್ಷನ್ ಪ್ರಶ್ನೆ ಹಾಗೇ ಉಳೀತು. ಡಾಕ್ಟರು ಬಿಡಿಸಿ ಹೇಳಿದ್ದನ್ನ ನನಗೆ ತಿಳಿದ ಹಾಗೆ ಬರೀತೀನಿ. ತಾಯಿ ನೆಗೆಟಿವ್ ಇದ್ದು ಮಗು ಅಪ್ಪನ ಥರ ಪಾಸಿಟಿವ್ ಆದ್ರೆ, ಮಗು ರಕ್ತ ತಾಯಿ ರಕ್ತಕ್ಕೆ ಸೇರಿದಾಗ ತಾಯಿ ಮೈ ಅದನ್ನ ಹೊರಗಿನದ್ದು ಅಂತ ತಿಳ್ಕೊಂಡು ಅದರ ಮೇಲೆ ಯುದ್ಧಕ್ಕೆ ತಯಾರಾಗುತ್ತೆ. ಚೊಚ್ಚಲಿಗೆ ಸಾಮಾನ್ಯವಾಗಿ ಏನೂ ಆಗಲ್ಲ, ಪೆಟ್ಟು ಬೀಳೋದು ಮುಂದಿನ ಮಗೂಗೆ. ಅದನ್ನ ತಡೆಯೋಕೆ 28ನೇ ವಾರದಲ್ಲಿ ಒಂದು ಆಂಟಿ ಡಿ, ಹುಟ್ಟಿದ ಮಗು ಪಾಸಿಟಿವ್ ಅಂತ ಗೊತ್ತಾದ್ರೆ 72 ಗಂಟೆ ಒಳಗೆ ಇನ್ನೊಂದು. ತಾಯಿ ಮೈಯಲ್ಲಿ ಆ ಯುದ್ಧ ಶುರುವಾಗಿದ್ಯಾ ಅಂತ ನೋಡೋಕೆ ಕೂಂಬ್ಸ್ ಟೆಸ್ಟ್ ಅಂತ ಇದೆ, ತಮಾಷೆ ಏನಂದ್ರೆ ಆಂಟಿ ಡಿ ತಗೊಂಡಿದ್ರೂ ಕೆಲವು ವಾರ ಆ ಟೆಸ್ಟ್ ಪಾಸಿಟಿವ್ ಬರ್ಬಹುದಂತೆ. ಅಂದ್ರೆ ಇಂಜೆಕ್ಷನ್ ಕೊಟ್ಟಿದ್ದು ಯಾವ ತಾರೀಖು ಅಂತ ಗೊತ್ತಿಲ್ದೆ ಟೆಸ್ಟ್ ಮಾಡಿದ್ರೆ ಬಂದ ರಿಸಲ್ಟನ್ನ ಏನಂತ ಓದ್ಬೇಕು ಅನ್ನೋದೇ ಗೊತ್ತಾಗಲ್ಲ. ಒಂದು ಸಾಲು ಬರೆದ ಕಾಗದ ಇಲ್ದೆ ಓದಿದ ಡಾಕ್ಟರೂ ಕೈಕಟ್ಟಿ ಕೂತ್ಕೋಬೇಕು. ಅಳಿಯ ಬೆಳಗಿನ ಜಾವ ಮೂರಕ್ಕೆ ಫೋನ್ ನೋಡಿ ಹೆದರಿ, ಆಪಿಂದ ಎಲ್ಲಾ ತೆಗೆದು ವಾಟ್ಸಾಪಿಗೆ ಹಾಕಿದ. ಇಂಜೆಕ್ಷನ್ ಆಗಿತ್ತು. ಅಷ್ಟು ಹೊತ್ತಿಗೆ ನಾನು ಯಾವ ಯಾವ ದೇವರಿಗೆ ಹರಕೆ ಹೊತ್ತಿದ್ದೆ ಅಂತ ನನಗೇ ನೆನಪಿಲ್ಲ, ಈಗ ಒಂದೊಂದೇ ತೀರಿಸ್ಬೇಕು.

ನಮ್ಮ ದೇಶದಲ್ಲಿ ನೂರಕ್ಕೆ ಐದು ಜನದ ಆಸುಪಾಸು ನೆಗೆಟಿವ್ ಗ್ರೂಪಿನೋರು ಇದಾರಂತೆ, ನಿಮ್ಮ ಪತ್ರಿಕೆ ಓದೋರಲ್ಲಿ ಬಸುರಿ ಹೆಣ್ಣುಮಕ್ಕಳಿದ್ರೆ ಅವರಲ್ಲೂ ಅಷ್ಟೇ ಇರ್ತಾರೆ. ಆ ಪುರವಣಿ ಪುಟದಲ್ಲಿ ಕರ್ಟನ್ ಬಣ್ಣಕ್ಕೆ ನಾಲ್ಕು ಸಾಲು ಇತ್ತು, ಬ್ಲಡ್ ಗ್ರೂಪಿಗೆ ಒಂದು ಪದ ಇರ್ಲಿಲ್ಲ. ನನ್ನ ತಕರಾರು ಇಷ್ಟೇ.

ಆಮೇಲೆ ನಾವು ಏನು ಮಾಡಿದ್ವಿ ಅಂತ ಹೇಳ್ತೀನಿ, ಯಾರಿಗಾದ್ರೂ ಉಪಯೋಗಕ್ಕೆ ಬರ್ಬಹುದು. ನಮ್ಮೂರಿನ ಆಶಾ ಕಾರ್ಯಕರ್ತೆ ಮಾರನೇ ದಿನವೇ ಬಂದ್ರು, ಅವರಿಗೂ ವಿಷಯ ಗೊತ್ತಾಗಿದ್ದು ಮರ ಕೊಯ್ದ ಕಥೆ ಊರೆಲ್ಲ ಹಬ್ಬಿದ ಮೇಲೇನೇ. ನಮ್ಮ ಲಿಸ್ಟಲ್ಲಿ ನಿಮ್ಮ ಮಗಳು ಇಲ್ವಲ್ಲ ಅಕ್ಕಾ, ಬಂದ ದಿನವೇ ಒಂದು ಮಾತು ಹೇಳೋದಲ್ವಾ ಅಂದ್ರು. ಹೌದು, ತಪ್ಪು ನಂದೇ. ತಾಯಿ ಕಾರ್ಡ್ ಅವರೇ ಮಾಡಿಸಿದ್ರು. 9ನೇ ತಾರೀಖು ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋದ್ರು, ಪ್ರತಿ ತಿಂಗಳು 9ಕ್ಕೆ ಗರ್ಭಿಣಿಯರನ್ನ ಡಾಕ್ಟರೇ ಕೂತು ಫ್ರೀಯಾಗಿ ನೋಡೋ ಒಂದು ವ್ಯವಸ್ಥೆ 2016ರಿಂದ ಇದೆ, ನನಗೆ ಗೊತ್ತೇ ಇರ್ಲಿಲ್ಲ. ಯಾರು ಬೇಕಾದ್ರೂ ಹೋಗ್ಬಹುದು, ನೀವು ಪ್ರೈವೇಟಿನೋರು ಅಂತ ಯಾರೂ ಕೇಳ್ಲಿಲ್ಲ. ಬಿಪಿ, ಹಿಮೋಗ್ಲೋಬಿನ್, ಶುಗರ್, ಯೂರಿನ್ ಎಲ್ಲಾ ನೋಡಿದ್ರು, ಮಗು ತಲೆ ಕೆಳಗಿದೆ ಅಂದ್ರು. ಹಿಮೋಗ್ಲೋಬಿನ್ ಸ್ವಲ್ಪ ಕಮ್ಮಿ. ಕಬ್ಬಿಣದ ಮಾತ್ರೆ ತಗೋತೀಯಾ ಅಂತ ಕೇಳಿದ್ರೆ ತಗೋತೀನಿ ಅಂದ್ಲು, ಯಾವುದ್ರ ಜೊತೆ ಅಂದ್ರೆ ಕಾಫಿ ಜೊತೆ, ಅದರ ಹಿಂದೇನೇ ಕ್ಯಾಲ್ಸಿಯಂ. ಎರಡೂ ವೇಸ್ಟ್ ಅಂದ್ರು ಡಾಕ್ಟರು. ಕಾಫಿ ಟೀ ಕಬ್ಬಿಣ ಮೈಗೆ ಹತ್ತೋಕೆ ಬಿಡಲ್ಲ, ಕ್ಯಾಲ್ಸಿಯಂನೂ ಅದರ ಜೊತೆ ಹಾಕ್ಬಾರ್ದು, ಒಂದು ಬೆಳಿಗ್ಗೆ ಒಂದು ರಾತ್ರಿ ಅಂತ ದೂರ ದೂರ ತಗೊಳಿ, ಕಬ್ಬಿಣದ ಮಾತ್ರೆ ಜೊತೆ ಬೇಕಾದ್ರೆ ಒಂದು ಲೋಟ ನಿಂಬೆಹಣ್ಣಿನ ಪಾನಕ ಕುಡೀರಿ ಅಂದ್ರು. ಮಲೆನಾಡಿನೋರಿಗೆ ಕಾಫಿ ಬಿಡಿ ಅಂದ್ರೆ ಏನು ಹೇಳೋದು, ಒಂದು ಗಂಟೆ ಮುಂದಕ್ಕೆ ಹಾಕಿದೀವಿ.

ಸರ್ಕಾರಿ ಆಸ್ಪತ್ರೇಲಿ ಹೆರಿಗೆ ಅಂದ್ರೆ ಮೂಗು ಮುರಿಯೋರು ನಮ್ಮ ನೆಂಟರಲ್ಲೂ ಇದಾರೆ, 2024ರ ಕೊನೇಲಿ ಬಳ್ಳಾರೀಲಿ ಸಿಜೇರಿಯನ್ ಆದ ಬಾಣಂತಿಯರು ಸತ್ತ ಸುದ್ದಿ ನಿಮ್ಮ ಪೇಪರಲ್ಲೇ ಓದಿ ನಾನೂ ಹೆದರಿದ್ದೆ, ಆ ಹೆದರಿಕೆ ಸುಳ್ಳಲ್ಲ, ಪೂರ್ತಿ ಹೋಗಿಯೂ ಇಲ್ಲ. ಆದ್ರೆ ಅಲ್ಲಿ ಏನೇನು ಹಕ್ಕಿದೆ ಅಂತ ಗೊತ್ತಿರ್ಬೇಕು. 2011ರಿಂದ ಸರ್ಕಾರಿ ಆಸ್ಪತ್ರೇಲಿ ಹೆರಿಗೆ, ಸಿಜೇರಿಯನ್ನೂ ಸೇರಿ, ಪೂರ್ತಿ ಉಚಿತ, ಔಷಧಿ, ಟೆಸ್ಟು, ಬೇಕಾದ್ರೆ ರಕ್ತ, ಇರೋ ದಿನಗಳ ಊಟ, ಹೋಗೋಕೆ ಬರೋಕೆ ವಾಹನ ಎಲ್ಲಾ ಉಚಿತ, ಬಿಪಿಎಲ್ ಕಾರ್ಡೇ ಬೇಕು ಅಂತೇನಿಲ್ಲ. ಬಾಣಂತೀನೂ ಮಗೂನೂ ಮನೆಗೆ ಬಿಡೋ ನಗು ಮಗು ಗಾಡಿ ನೋಡಿರ್ತೀರಿ. ವಾರ್ಡಲ್ಲಿ ಯಾರಾದ್ರೂ ದುಡ್ಡು ಕೇಳಿದ್ರೆ ಕೊಡೋ ಮುಂಚೆ ಇದು ನೆನಪಿರ್ಲಿ.

ಡಾಕ್ಟರು ಇನ್ನೊಂದು ಮಾತು ಹೇಳಿದ್ರು. ಮಳೆಗಾಲ, ದಾರಿ ಹೀಗೆ, ಗ್ರೂಪು ಓ ನೆಗೆಟಿವ್, ನೋವು ಶುರುವಾದ ಮೇಲೆ ಹೊರಡ್ತೀವಿ ಅಂತ ಕೂರ್ಬೇಡಿ, 38 ತುಂಬುತ್ತಿದ್ದ ಹಾಗೆ ಶಿವಮೊಗ್ಗದಲ್ಲಿ ಯಾರಾದ್ರೂ ನೆಂಟರಿದ್ರೆ ಅಲ್ಲಿ ಹೋಗಿರಿ, ಅಲ್ಲಿ ಬ್ಲಡ್ ಬ್ಯಾಂಕಿದೆ. ನನ್ನ ತಂಗಿ ಮನೆ ಅಲ್ಲೇ ಇದೆ. ಬರೋ ವಾರ ಹೊರಡ್ತೀವಿ. ಅತ್ತೆಗೆ ಬೇಜಾರು, ತವರುಮನೆ ಬಾಣಂತಿ ಕೋಣೆ ಇರೋವಾಗ ಯಾರದೋ ಮನೇಲಿ ನೋವು ತಿನ್ನೋದಾ ಅಂತ. ಅವರ ಕಾಲದಲ್ಲಿ ಸೂಲಗಿತ್ತಿ ಮನೆಗೇ ಬರ್ತಿದ್ರು, ನನ್ನ ಗಂಡ ಹುಟ್ಟಿದ್ದು ಅದೇ ಕೋಣೇಲಿ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಅತ್ತೆ ಟಿವಿ ಮುಂದೆ ಕೂತು ಕೈ ಮುಗಿದಿದ್ರು. ಆ ಕೈಗಳು ಈಗ ನಮ್ಮೂರಲ್ಲಿ ಯಾರಿಗೂ ಇಲ್ಲ, ಆ ಕಾಲದಲ್ಲಿ ಉಳಿದೋರ ಲೆಕ್ಕ ಹೇಳ್ತಾರೆ ಹೊರತು ಹೋದೋರ ಲೆಕ್ಕ ಯಾರೂ ಇಟ್ಟಿಲ್ಲ. ಅತ್ತೆಗೇ ಏಳು ಹೆರಿಗೆ, ನಾಲ್ಕು ಮಕ್ಕಳು. ಅದನ್ನ ಅವರಿಗೆ ಎದುರು ಹೇಳೋ ಧೈರ್ಯ ನನಗಿಲ್ಲ.

ಓ ನೆಗೆಟಿವಿನೋರಿಗೆ ಓ ನೆಗೆಟಿವ್ ರಕ್ತವೇ ಆಗ್ಬೇಕು, ಬೇರೆ ಯಾವುದೂ ಒಗ್ಗಲ್ಲ. ಅಳಿಯ ಕೂತ್ಕೊಂಡು ಗೆಳೆಯರು, ನೆಂಟರು, ಹಳೇ ಕಾಲೇಜಿನೋರು ಅಂತ ಹುಡುಕಿ ಶಿವಮೊಗ್ಗ ಸುತ್ತಮುತ್ತ ಇರೋ ನಾಲ್ಕು ಜನರ ಹೆಸರು ಬರೆದಿಟ್ಟಿದಾನೆ, ಎಲ್ಲರಿಗೂ ಫೋನ್ ಮಾಡಿ ತಾರೀಖು ಹೇಳಿದಾನೆ. ಆಂಟಿ ಡಿ ಇಂಜೆಕ್ಷನ್ ಸಣ್ಣ ಊರಿನ ಮೆಡಿಕಲಲ್ಲಿ ಕೇಳಿದ ತಕ್ಷಣ ಸಿಗಲ್ಲ, ಫ್ರಿಜ್ಜಲ್ಲಿ ಇಡ್ಬೇಕಾದ್ದು, ಆಸ್ಪತ್ರೇಲಿ ಸ್ಟಾಕ್ ಇದ್ಯಾ ಅಂತ ಮುಂಚೆನೇ ಕೇಳಿಟ್ಕೊಂಡಿದೀವಿ. ಇದು ನಮ್ಮ ಬ್ಯಾಗು ನೋಡಿ. ಒಂದು ಪ್ಲಾಸ್ಟಿಕ್ ಕವರಲ್ಲಿ ತಾಯಿ ಕಾರ್ಡು, ಸ್ಕ್ಯಾನ್ ರಿಪೋರ್ಟು ಎಲ್ಲಾ ಪ್ರಿಂಟು, ರಕ್ತ ಕೊಡೋರ ನಂಬರು, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು, ಚಿಲ್ಲರೆ ದುಡ್ಡು, ಮಳೆ ನೀರು ಹೋಗ್ದಿರೋ ಹಾಗೆ ಬಾಯಿ ಕಟ್ಟಿ ಬಾಗ್ಲ ಹತ್ರ ಮೊಳೆಗೆ ನೇತುಹಾಕಿದೆ. ಕ್ಯಾಲೆಂಡರ್ ಹಿಂದೆ ಕೆಂಪು ಪೆನ್ನಲ್ಲಿ ಬರ್ದಿದೀನಿ, ರಕ್ತ ಹೋದ್ರೆ, ನೀರು ಹೋದ್ರೆ, ತಡೆಯೋಕಾಗ್ದಿರೋ ತಲೆನೋವು ಬಂದ್ರೆ, ಕಣ್ಣು ಮಂಜಾದ್ರೆ, ಮುಖ ಕೈ ಊದಿದ್ರೆ, ಹೊಟ್ಟೆ ಮೇಲ್ಭಾಗ ನೋವು ಬಂದ್ರೆ, ಫಿಟ್ಸ್ ಬಂದ್ರೆ, ಜ್ವರ ಬಂದ್ರೆ, ಮಗು ಅಲ್ಲಾಡೋದು ಕಮ್ಮಿ ಆದ್ರೆ ಯಾರನ್ನೂ ಕೇಳದೆ ಹೊರಡೋದು. ಕೇಳದೆ ಅನ್ನೋದಕ್ಕೆ ಎರಡು ಗೆರೆ ಹಾಕಿದೀನಿ.

ಬಟ್ಟೆ ವಿಷಯ. ಮಗು ಹುಟ್ಟೋ ಮುಂಚೆ ಹೊಸ ಬಟ್ಟೆ ಮನೆಗೆ ತರ್ಬಾರ್ದು ಅಂತ ನಮ್ಮಲ್ಲಿ, ಹಳೇ ಸೀರೆಗೆ ಆ ಶಾಸ್ತ್ರ ಇಲ್ಲ, ಹಾಗಾಗಿ ಯಾರಿಗೂ ನೋವಾಗ್ಲಿಲ್ಲ. ಅತ್ತೆಯ ಮೂರು ವಾಯಿಲ್ ಸೀರೆ, ಯಜಮಾನ್ರ ಎರಡು ಪಂಚೆ ಹರಿದು ಅರವತ್ತು ತುಂಡು ಮಾಡಿದೀನಿ. ಅರವತ್ತು ಯಾಕೆ ಅಂದ್ರೆ ನಮ್ಮ ಮಳೇಲಿ ಒಂದು ಬಟ್ಟೆ ಒಣಗೋಕೆ ಎರಡು ದಿನ ಬೇಕು, ಕೂಸು ದಿನಕ್ಕೆ ಹತ್ತು ಹನ್ನೆರಡು ಸಲ ಒದ್ದೆ ಮಾಡುತ್ತೆ, ಐದು ದಿನ ಆದ ಮೇಲೆ ದಿನಕ್ಕೆ ಆರು ಸಲಕ್ಕಿಂತ ಕಮ್ಮಿ ಆದ್ರೆ ಹಾಲು ಸಾಲ್ತಿಲ್ಲ ಅಂತ ಅನುಮಾನ ಪಡ್ಬೇಕು ಅಂತ ಆಶಾ ಹೇಳಿದಾರೆ. ಡೈಪರ್ ಹಾಕಿದ್ರೆ ಇದನ್ನ ಲೆಕ್ಕ ಇಡೋದು ಕಷ್ಟ. ಎಲ್ಲಾ ಬಿಸಿನೀರಲ್ಲಿ ಒಗೆದು ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸ್ತಿದೀನಿ, ಹೊಗೆ ವಾಸನೆ ಸ್ವಲ್ಪ ಬರುತ್ತೆ, ನಮ್ಮ ಮನೇಲಿ ಹುಟ್ಟಿದ ಎಲ್ಲಾ ಮಕ್ಕಳೂ ಆ ವಾಸನೇಲೇ ಬೆಳೆದೋರು. ಕುಲಾವಿ ಎರಡು, ಉಲ್ಲನ್ ಸಾಕ್ಸು ಎರಡು ಜೊತೆ ಮಗಳೇ ಹೆಣೆದಳು, ವಿಡಿಯೋ ನೋಡ್ಕೊಂಡು, ಒಂದು ಕಾಲಿಂದು ದೊಡ್ಡದು ಒಂದು ಚಿಕ್ಕದು ಆಗಿದೆ.

ಬಾಟ್ಲಿ ವಿಷಯಕ್ಕೆ ನಿಮಗೇ ಸ್ವಲ್ಪ ಕೋಪದಲ್ಲಿ ಬರೀತಿದೀನಿ, ಕ್ಷಮಿಸಿ. ಹಾಲು ಬಾಟ್ಲಿ, ಬಾಟ್ಲಿ ಬಿಸಿ ಮಾಡೋ ಮೆಷಿನ್ನು, ಡಬ್ಬಿ ಹಾಲಿನ ಪುಡಿ ಅಂತ ಚಿತ್ರ ಸಮೇತ ಹಾಕಿದ್ರಿ, ಕೊಳ್ಳೋಕೆ ಎಲ್ಲಿ ಅಂತ್ಲೂ ಇತ್ತು. 1992ರಲ್ಲಿ ಶಿಶು ಆಹಾರದ ಬಗ್ಗೆ ಒಂದು ಕಾಯ್ದೆ ಆಗಿದೆ, 2003ರಲ್ಲಿ ಇನ್ನೂ ಬಿಗಿ ಮಾಡಿದಾರೆ, ಅದರ ಪ್ರಕಾರ ಹಾಲಿನ ಪುಡಿ, ಹಾಲು ಬಾಟ್ಲಿ ಜಾಹೀರಾತು ಮಾಡೋ ಹಾಗೇ ಇಲ್ಲ. ನಿಮ್ಮಲ್ಲಿ ಕಾನೂನು ನೋಡ್ಕೊಳೋರು ಇರ್ತಾರಲ್ಲ, ಒಂದ್ಸಲ ತೋರ್ಸಿ. ಯಾರಿಗಾದ್ರೂ ಡಾಕ್ಟರೇ ಬರೆದು ಕೊಟ್ರೆ ಬೇರೆ ಮಾತು, ಹಾಲೇ ಬರ್ದಿರೋ ತಾಯಂದಿರ ಸಂಕಟ ನಾನೂ ಕಂಡಿದೀನಿ. ಆದ್ರೆ ಮಗು ಹುಟ್ಟೋ ಮುಂಚೆನೇ ಬಾಟ್ಲಿ ತಂದು ಶೋಕೇಸಲ್ಲಿ ಇಟ್ರೆ, ಮೂರನೇ ದಿನ ಮಗು ಜೋರಾಗಿ ಅತ್ತಾಗ ಎಲ್ಲರ ಕೈ ಅದರ ಕಡೆಗೇ ಹೋಗುತ್ತೆ. ಹುಟ್ಟಿ ಒಂದು ಗಂಟೆ ಒಳಗೆ ಎದೆಗೆ ಹಾಕ್ಬೇಕು, ಮೊದಲು ಬರೋ ಹಳದಿ ಹಾಲು ಹಿಂಡಿ ಚೆಲ್ಲಬಾರ್ದು. ನಮ್ಮ ಹಸು ಕರು ಹಾಕಿದ್ರೆ ಗಿಣ್ಣಕ್ಕೆ ಊರೆಲ್ಲ ಕಾಯ್ತೀವಿ, ಹೆತ್ತ ತಾಯಿಯ ಗಿಣ್ಣು ಮಾತ್ರ ಕೆಟ್ಟದ್ದು ಅಂತ ನಮಗೆ ಯಾರು ಹೇಳ್ಕೊಟ್ರೋ.

ಕೂಸಿಗೆ ತೇಯ್ದು ನೆಕ್ಕಿಸೋ ಸುತ್ತುಖಾರದ ಜಗಳ ಇನ್ನೂ ಮುಗ್ದಿಲ್ಲ. ಅತ್ತೆ ಬಜೆ, ಜಾಯಿಕಾಯಿ ಎಲ್ಲಾ ತರಿಸಿ ತೇಯೋ ಕಲ್ಲು ತೊಳೆದು ಇಟ್ಟಾಗಿದೆ, ಹುಟ್ಟಿದ ಕೂಡ್ಲೇ ಜೇನುತುಪ್ಪ ನೆಕ್ಕಿಸೋಕೆ ತುಡುವೆ ಜೇನು ಬೇರೆ ಬಾಟ್ಲೀಲಿ ತೆಗೆದಿಟ್ಟಿದಾರೆ. ಒಂದು ವರ್ಷದ ಒಳಗಿನ ಮಗೂಗೆ ಜೇನುತುಪ್ಪ ಕೊಡ್ಲೇಬಾರ್ದು, ಅದರಲ್ಲಿರೋ ಒಂದು ಥರದ ಕೀಟಾಣು ದೊಡ್ಡೋರಿಗೆ ಏನೂ ಮಾಡಲ್ಲ, ಕೂಸಿನ ಕರುಳಲ್ಲಿ ವಿಷ ಆಗುತ್ತೆ. ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ. ನಾನು ಹೇಳಿದ್ರೆ ಕೇಳಲ್ಲ, ಆಶಾ ಬಂದು ಕಿವಿ ಹತ್ರ ಜೋರಾಗಿ ಹೇಳಿದ ಮೇಲೆ ಜೇನು ಬಾಟ್ಲಿ ಬಾಣಂತಿ ಲೇಹ್ಯಕ್ಕೆ ಅಂತ ಪಕ್ಕಕ್ಕೆ ಹೋಯ್ತು. ಬಜೆ ಮಾತ್ರ ಇನ್ನೂ ತೇಯೋ ಕಲ್ಲಿನ ಹತ್ರಾನೇ ಇದೆ. ಇನ್ನು ಬಾಣಂತಿ ಕೋಣೆಗೆ ಕೆಂಡದ ಅಗ್ಗಿಷ್ಟಿಕೆ. ಮಳೆಗಾಲದ ಥಂಡಿಗೆ ಮಂಚದ ಕೆಳಗೆ ಕೆಂಡ ಇಟ್ಟು ಕಿಟಕಿ ಬಾಗ್ಲು ಹಾಕಿ ಗಾಳಿ ಹೋಗ್ದಿರೋ ಹಾಗೆ ಮಾಡೋದು ನಮ್ಮ ಪದ್ಧತಿ, ಇದ್ದಿಲ ಕೆಂಡದಿಂದ ಬರೋ ಗಾಳಿಗೆ ಬಣ್ಣ ಇಲ್ಲ ವಾಸನೆ ಇಲ್ಲ, ಮುಚ್ಚಿದ ಕೋಣೇಲಿ ಮಲಗಿದೋರನ್ನ ಮಲಗಿದಲ್ಲೇ ತಗೊಂಡು ಹೋಗ್ಬಿಡುತ್ತೆ. ಇದಕ್ಕೆ ಒಂದು ಒಪ್ಪಂದ ಆಗಿದೆ, ಸಂಜೆ ಕೋಣೆ ಬಿಸಿ ಮಾಡಿ, ತಾಯಿ ಮಗು ಒಳಗೆ ಹೋಗೋ ಮುಂಚೆ ಕೆಂಡ ಹೊರಗೆ. ಅಂಟಿನುಂಡೆ, ಸಬ್ಬಸಿಗೆ ಸೊಪ್ಪು, ಮೆಣಸಿನ ಸಾರು, ಬಿಸಿನೀರು ಸ್ನಾನ ಅದೆಲ್ಲ ಅತ್ತೆ ಹೇಳಿದ ಹಾಗೇ. ಅದರಲ್ಲಿ ಅವರನ್ನ ಮೀರಿಸೋರು ಜಿಲ್ಲೆಲೇ ಇಲ್ಲ.

ಇನ್ನು ಕೇಳ್ಕೊಳೋದು. ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ಅಂಥ ದೊಡ್ಡ ಊರಿನ ಆಸ್ಪತ್ರೆಯೋರು 28ನೇ ವಾರದ ಚೆಕಪ್ಪಲ್ಲೇ ಹೆರಿಗೆ ಎಲ್ಲಿ ಅಂತ ಒಂದು ಪ್ರಶ್ನೆ ಕೇಳಿ, ತವರಿಗೆ ಹೋಗ್ತೀನಿ ಅಂದೋರಿಗೆ ಗ್ರೂಪು, ಕೊಟ್ಟ ಇಂಜೆಕ್ಷನ್ನಿನ ಹೆಸರು ತಾರೀಖು, ಬಿಪಿ ಶುಗರ್, ಕೊನೇ ಸ್ಕ್ಯಾನು, ಇಷ್ಟನ್ನ ಒಂದೇ ಹಾಳೇಲಿ ಪ್ರಿಂಟ್ ಹಾಕಿ ಕೈಗೆ ಕೊಡ್ಲಿ, ಆಪು ಇರ್ಲಿ ಬೇಡ ಅನ್ನಲ್ಲ. ಪ್ರೈವೇಟಲ್ಲಿ ತೋರಿಸ್ಕೊಳೋರಿಗೂ ತಾಯಿ ಕಾರ್ಡ್ ಮಾಡಿಸ್ಕೊಳಿ ಅಂತ ಹೇಳ್ಲಿ. ಆರೋಗ್ಯ ಇಲಾಖೆಯೋರು ಗಂಡನ ಮನೆ ಊರಿನ ಆಶಾಯಿಂದ ತವರೂರಿನ ಆಶಾಗೆ ಒಂದು ಮೆಸೇಜ್ ಹೋಗೋ ಹಾಗೆ ಮಾಡೋದು ದೊಡ್ಡ ವಿಷಯ ಅಲ್ಲ, ಈ ಪದ್ಧತಿ ಇವತ್ತು ನಿನ್ನೇದಲ್ವಲ್ಲ, ಪ್ರತಿ ಊರಲ್ಲೂ ಬಾಣ್ತನಕ್ಕೆ ಬಂದ ಹೆಣ್ಣುಮಕ್ಕಳು ಇದ್ದೇ ಇರ್ತಾರೆ. ಬಸುರಿ ಬಾಣಂತಿಯರಿಗೆ ಅಂತ 2017ರಲ್ಲಿ ಶುರುವಾದ ಮಾತೃಪೂರ್ಣದ ಬಿಸಿಯೂಟ ಒಳ್ಳೇ ಯೋಜನೆ, ಆದ್ರೆ ಒಂಬತ್ತು ತುಂಬ್ತಿರೋಳು ಈ ಮಳೇಲಿ ಕಾಲುಸಂಕ ದಾಟಿ ಅಂಗನವಾಡಿಗೆ ಹೋಗಿ ಉಂಡು ಬರ್ಬೇಕು ಅಂದ್ರೆ ಹೇಗೆ, ಮಳೆಗಾಲದಲ್ಲಾದ್ರೂ ನಮ್ಮ ಕಡೆ ಮನೆಗೇ ಕಳಿಸ್ಲಿ. ಕರೆಂಟಿಗೆ ಮೆಸ್ಕಾಂನೋರಿಗೆ, ಸಿಗ್ನಲ್ಲಿಗೆ ಟವರಿನೋರಿಗೆ ಪ್ರತಿ ವರ್ಷ ಬರೀತೀವಿ, ಅದನ್ನ ಇಲ್ಲಿ ಎಳೆಯಲ್ಲ.

ನೀವು ಮುಂದಿನ ಪುರವಣೀಲಿ ಆ ಪಟ್ಟೀನ ಇನ್ನೊಂದ್ಸಲ ಹಾಕಿ, ಕರ್ಟನ್ ಜಾಗದಲ್ಲಿ ಬ್ಲಡ್ ಗ್ರೂಪ್ ಹಾಕಿ. ಪತ್ರ ಉದ್ದ ಆಯ್ತು ಅಂತ ಗೊತ್ತು, ಕತ್ತರಿಸೋದಾದ್ರೆ ಸೀಮಂತದ್ದು ಕತ್ತರಿಸಿ, ಅಡಿಕೆ ಎಣಿಸಿದ್ದು ಬಿಡ್ಬೇಡಿ. ಪುನರ್ವಸು ಮಳೆ ಮತ್ತೆ ಹಿಡ್ಕೊಂಡಿದೆ, ಬಚ್ಚಲಲ್ಲಿ ಬಟ್ಟೆ ಮಗುಚಿ ಹಾಕ್ಬೇಕು, ಇಲ್ಲಿಗೆ ನಿಲ್ಲಿಸ್ತೀನಿ.

ಇಂತಿ,
ಇನ್ನು ಮೂರು ವಾರಕ್ಕೆ ಅಜ್ಜಿ ಆಗೋಳು
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ